ಅಭಿವೃದ್ಧಿ ಯಾರ ಹಕ್ಕು? – ಒಂದು ಹಳೆಯ ಪ್ರಶ್ನೆಗೆ ತಡವಾದ ಉತ್ತರ

2025ರ ಜುಲೈ 14ರಂದು ಶರಾವತಿಯ ಹಿನ್ನೀರಿಗೆ ಅಡ್ಡಲಾಗಿ, ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಕಟ್ಟಿದ ಸೇತುವೆಯ ಉದ್ಘಾಟನೆಯಾಯಿತು. ಅದಾದ ನಾಲ್ಕೈದು ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೂರವಾಣಿ ಕರೆ ಬಂದಿತು. "ಸಾರ್, ಸೇತುವೆ ಮೇಲೆ ನಿಂತು ಮಾತಾಡ್ತಾ ಇದೀನಿ. ಆ ದಡದಿಂದ ಈ ದಡಕ್ಕೆ ಐದು ನಿಮಿಷ ಆಗ್ಲಿಲ್ಲ ನೋಡಿ" ಎಂದ. ಲಾಂಚಿಗಾಗಿ ದಡದಲ್ಲಿ ಕಾದು ಕಾದು ಬೆಳೆದ ಹುಡುಗ ಅವನು. ಈಗ ಐವತ್ತು ದಾಟಿದ ಗೃಹಸ್ಥ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ಇರಬೇಕಿತ್ತು" ಎಂದು ಸೇರಿಸಿದ.

ಆ ಕರೆ ಬಂದಂದಿನಿಂದ ಬರೆಯಬೇಕೆಂದುಕೊಂಡಿದ್ದ ಲೇಖನವಿದು. ನನ್ನ ವಿದ್ಯಾರ್ಥಿಗಳೂ ಬಂಧುಗಳೂ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ. ವಿಷಯವು ಪ್ಯಾರಿಸ್, ಸೆನೆಗಲ್, ಕೀನ್ಯಾಗಳನ್ನು ಸುತ್ತಿ ಬಂದು ಕೊನೆಗೆ ನಮ್ಮ ಹಿನ್ನೀರಿನ ದಡಕ್ಕೇ ಬಂದು ನಿಲ್ಲುತ್ತದೆ.

ಅದು 1987ರ ಮಳೆಗಾಲ. ಸಾಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನಾಗ ಸಮಾಜ ವಿಜ್ಞಾನದ ಅಧ್ಯಾಪಕ. ಹತ್ತನೆಯ ತರಗತಿಗೆ ಸ್ವತಂತ್ರ ಭಾರತದ ಯೋಜನೆಗಳ ಪಾಠ ನಡೆಯುತ್ತಿತ್ತು. 1954ರಲ್ಲಿ ಭಾಕ್ರಾ ನಂಗಲ್‌ನಲ್ಲಿ ಪಂಡಿತ ನೆಹರೂ ಅವರು ಅಣೆಕಟ್ಟುಗಳನ್ನು ದೇವಾಲಯಗಳಿಗೆ ಹೋಲಿಸಿ ಮಾತನಾಡಿದ್ದನ್ನು ನಾನು ಉತ್ಸಾಹದಿಂದಲೇ ವಿವರಿಸಿದೆ. ನಮ್ಮ ಜಿಲ್ಲೆಯಲ್ಲಿಯೇ ಅಂಥದೊಂದು ದೇವಾಲಯವಿದೆಯೆಂದು ಲಿಂಗನಮಕ್ಕಿಯ ಹೆಸರನ್ನೂ ಹೇಳಿದೆ. ಹಿಂದಿನ ಬೆಂಚಿನಿಂದ ಈ ಹುಡುಗ ಎದ್ದು ನಿಂತ. "ಸಾರ್, ನಮ್ಮ ಅಜ್ಜನ ಮನೆ ಆ ದೇವಸ್ಥಾನದ ನೀರಿನಡಿಗೇ ಇದೆ. ನಮ್ಮನೇಲಿ ಇನ್ನೂ ಚಿಮಣಿ ದೀಪ. ಹಂಗಾದ್ರೆ ಅಭಿವೃದ್ಧಿ ಅನ್ನೋದು ಯಾರಿಗೆ ಸಾರ್?" ಎಂದು ಕೇಳಿದ.

ತರಗತಿ ನಕ್ಕಿತು. ಹುಡುಗ ನಗುತ್ತಿರಲಿಲ್ಲ. ನಾನು ಹೇಳಿದ ಮಾತು ನನಗೆ ಇಂದಿಗೂ ಅಕ್ಷರಶಃ ನೆನಪಿದೆ: "ದೇಶ ದೊಡ್ಡದು. ನಿಮ್ಮ ಹಿರಿಯರು ಮಾಡಿದ್ದು ತ್ಯಾಗ. ಅದಕ್ಕೆ ನೀನು ಹೆಮ್ಮೆಪಡಬೇಕು." ಅವನು "ಹೂಂ ಸಾರ್" ಎಂದು ಕುಳಿತುಕೊಂಡ. ನಾನು ಪಾಠವನ್ನು ಮುಂದುವರಿಸಿದೆ.

ನಾನು ತಿಳಿಯದೆ ಇದ್ದ ಒಂದು ಸಂಗತಿಯನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ಹುಡುಗ ಪ್ರಶ್ನೆ ಕೇಳುವುದಕ್ಕೆ ಕೆಲವೇ ತಿಂಗಳುಗಳ ಹಿಂದೆ, 1986ರ ಡಿಸೆಂಬರ್ 4ರಂದು, ವಿಶ್ವಸಂಸ್ಥೆಯ ಮಹಾಸಭೆಯು ಅದೇ ಪ್ರಶ್ನೆಗೆ ಸಂಬಂಧಿಸಿದ ಒಂದು ಘೋಷಣೆಯನ್ನು ಅಂಗೀಕರಿಸಿತ್ತು. ಅದರ ಹೆಸರು ಅಭಿವೃದ್ಧಿಯ ಹಕ್ಕಿನ ಘೋಷಣೆ. ಸಮಾಜ ವಿಜ್ಞಾನ ಕಲಿಸುತ್ತಿದ್ದ ನನಗೆ ಅದರ ಸುದ್ದಿಯೇ ಇರಲಿಲ್ಲ. ನಿವೃತ್ತನಾದ ಮೇಲೆ ಓದುವ ಬಿಡುವು ದೊರೆತಾಗ ಆ ಘೋಷಣೆಯ ಇತಿಹಾಸವನ್ನು ಓದಿದೆ. ಓದುತ್ತಾ ಹೋದಂತೆ ಆ ಹಿಂದಿನ ಬೆಂಚು ಮತ್ತೆ ಮತ್ತೆ ಕಣ್ಣ ಮುಂದೆ ಬಂದಿತು.

ಕಥೆಯನ್ನು ಮೊದಲಿನಿಂದ ಹೇಳುವುದು ಒಳ್ಳೆಯದು. 1948ರ ಡಿಸೆಂಬರ್ 10ರಂದು ಪ್ಯಾರಿಸ್ ನಗರದಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಮತಕ್ಕೆ ಹಾಕಿದಾಗ ವಿಶ್ವಸಂಸ್ಥೆಯಲ್ಲಿದ್ದುದು 58 ಸದಸ್ಯ ರಾಷ್ಟ್ರಗಳು ಮಾತ್ರ. 48 ರಾಷ್ಟ್ರಗಳು ಪರವಾಗಿ ಮತ ನೀಡಿದವು, 8 ತಟಸ್ಥವಾಗಿ ಉಳಿದವು, ವಿರೋಧಿಸಿದವರು ಯಾರೂ ಇಲ್ಲ. ಆದರೆ ಆಫ್ರಿಕಾ ಖಂಡದ ಬಹುತೇಕ ಎಲ್ಲ ದೇಶಗಳೂ ಅಂದು ಪರರ ಆಳ್ವಿಕೆಯಲ್ಲಿದ್ದವು. ಅವುಗಳಿಗೆ ಆ ಸಭೆಯಲ್ಲಿ ಕುರ್ಚಿಯೇ ಇರಲಿಲ್ಲ. ಹಾಗೆಂದು ಆ ಘೋಷಣೆಯನ್ನು ಪಾಶ್ಚಾತ್ಯರದೇ ಕೃತಿ ಎಂದು ತಳ್ಳಿಹಾಕುವುದು ಸಲ್ಲದು. ಕರಡಿನ ಮೊದಲ ವಿಧಿಯಲ್ಲಿದ್ದ "ಎಲ್ಲ ಪುರುಷರೂ" ಎಂಬ ಅರ್ಥ ಬರುವ ಮಾತನ್ನು "ಎಲ್ಲ ಮಾನವರೂ" ಎಂದು ತಿದ್ದಿಸುವುದರಲ್ಲಿ ನಮ್ಮ ಹಂಸಾ ಮೆಹ್ತಾ ಅವರ ಪಾತ್ರ ದೊಡ್ಡದು. ಚಿಲಿಯ ಹೆರ್ನಾನ್ ಸಾಂತಾ ಕ್ರೂಸ್ ಅವರು ಊಟ, ವಸತಿ, ಔಷಧ, ದುಡಿಮೆಗಳೂ ಹಕ್ಕುಗಳೇ ಎಂದು ವಾದಿಸಿದವರು. 25ನೆಯ ವಿಧಿಯಲ್ಲಿ ಅನ್ನ, ಬಟ್ಟೆ, ಮನೆ, ವೈದ್ಯಕೀಯ ನೆರವುಗಳು ಸೇರಿಕೊಂಡವು. 28ನೆಯ ವಿಧಿ ಇನ್ನೂ ಮುಂದೆ ಹೋಗಿ, ಈ ಹಕ್ಕುಗಳೆಲ್ಲ ನಿಜವಾಗಿ ದೊರೆಯುವಂಥ ಸಾಮಾಜಿಕ ಮತ್ತು ಅಂತರರಾಷ್ಟ್ರೀಯ ವ್ಯವಸ್ಥೆಯೂ ಪ್ರತಿಯೊಬ್ಬನಿಗೂ ಸಲ್ಲಬೇಕೆಂದು ಹೇಳಿತು. ಮುಂದೆ ಬಡ ರಾಷ್ಟ್ರಗಳು ಕಟ್ಟಿದ ವಾದಕ್ಕೆಲ್ಲ ಬೀಜ ಇಲ್ಲಿದೆ.

ಘೋಷಣೆಗೆ ಕಾನೂನಿನ ಬಲವಿರಲಿಲ್ಲ. ಅದನ್ನು ಕಾನೂನಾಗಿಸುವ ಒಡಂಬಡಿಕೆಯನ್ನು ಬರೆಯುವಾಗ ಒಂದು ಸೀಳು ಉಂಟಾಯಿತು. ವಾಕ್ ಸ್ವಾತಂತ್ರ್ಯ, ಮತದಾನ, ನ್ಯಾಯವಿಚಾರಣೆಗಳಂಥವು ಒಂದು ಕಡೆ. ಅನ್ನ, ಆರೋಗ್ಯ, ಶಿಕ್ಷಣ, ಕೆಲಸಗಳು ಇನ್ನೊಂದು ಕಡೆ. 1952ರಲ್ಲಿ ಎರಡು ಪ್ರತ್ಯೇಕ ಒಡಂಬಡಿಕೆಗಳನ್ನು ಬರೆಯಬೇಕೆಂದು ನಿರ್ಧಾರವಾಯಿತು. ಅವು ಅಂಗೀಕಾರವಾದದ್ದು 1966ರಲ್ಲಿ, ಜಾರಿಗೆ ಬಂದದ್ದು 1976ರಲ್ಲಿ, ಭಾರತ ಸೇರಿಕೊಂಡದ್ದು 1979ರಲ್ಲಿ. ಇದೇ ವಿಭಜನೆ ನಮ್ಮ ಸಂವಿಧಾನದಲ್ಲಿಯೂ ಇದೆಯೆಂಬುದನ್ನು ನನ್ನ ವಿದ್ಯಾರ್ಥಿಗಳು ಬಲ್ಲರು. ಮೂರನೆಯ ಭಾಗದ ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯದ ಬಾಗಿಲು ತಟ್ಟಬಹುದು. ನಾಲ್ಕನೆಯ ಭಾಗದ ನಿರ್ದೇಶಕ ತತ್ವಗಳು ಆಳುವವರ ಮನಸ್ಸಾಕ್ಷಿಗೆ ಬಿಟ್ಟವು. ಹಸಿದವನ ಪಾಲಿಗೆ ಮುಖ್ಯವಾದದ್ದೆಲ್ಲ ನಾಲ್ಕನೆಯ ಭಾಗಕ್ಕೆ ಹೋಗಿ ಕುಳಿತಿತೆಂದು ನಾನು ಹಿಂದೆ ತಮಾಷೆಯಾಗಿ ಹೇಳುತ್ತಿದ್ದುದುಂಟು.

ಈ ನಡುವೆ ಜಗತ್ತಿನ ನಕ್ಷೆಯೇ ಬದಲಾಯಿತು. 1955ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಬಾಂಡುಂಗ್ ನಗರದಲ್ಲಿ ಏಷ್ಯಾ ಮತ್ತು ಆಫ್ರಿಕಾದ 29 ರಾಷ್ಟ್ರಗಳು ಸೇರಿದವು. ಆ ಸಮ್ಮೇಳನ ವಸಾಹತುಶಾಹಿಯನ್ನು ಖಂಡಿಸಿದ್ದು ಎಲ್ಲರಿಗೂ ಗೊತ್ತು. ಮಾನವ ಹಕ್ಕುಗಳ ತತ್ವಗಳಿಗೆ ಬೆಂಬಲ ಸೂಚಿಸಿದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1960ರ ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಧ್ವಜ ಬಂದಿತು, ರಾಷ್ಟ್ರಗೀತೆ ಬಂದಿತು. ಆದರೆ ಕೋಕೋ, ತಾಮ್ರ, ಹತ್ತಿ, ನೆಲಗಡಲೆಗಳ ಬೆಲೆ ನಿಗದಿಯಾಗುತ್ತಿದ್ದುದು ಹಿಂದಿನಂತೆಯೇ ದೂರದ ಪೇಟೆಗಳಲ್ಲಿ. ಬೆಳೆದವನು ಬೆಲೆ ಕಟ್ಟಲಾರ, ಕೊಳ್ಳುವವನು ಕಟ್ಟುವನು. ಅಡಿಕೆ ಬೆಳೆಯುವ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪರಾಧೀನತೆಗೂ ಬಡತನಕ್ಕೂ ಇರುವ ನಂಟನ್ನು ದಾದಾಭಾಯಿ ನವರೋಜಿ ಅವರು ಶತಮಾನದ ಆರಂಭದಲ್ಲಿಯೇ, 1901ರ ತಮ್ಮ ಗ್ರಂಥದಲ್ಲಿ, ಲೆಕ್ಕ ಹಾಕಿ ತೋರಿಸಿದ್ದರು. ಸ್ವಾತಂತ್ರ್ಯ ಬಂದ ಮೇಲೂ ಆ ನಂಟು ಪೂರ್ತಿ ಕಳಚಿಲ್ಲವೆಂಬುದು ಹೊಸ ರಾಷ್ಟ್ರಗಳ ಅನುಭವವಾಯಿತು.

ಈ ಅನುಭವಕ್ಕೆ ನ್ಯಾಯಶಾಸ್ತ್ರದ ಭಾಷೆಯನ್ನು ಕೊಟ್ಟವರು ಸೆನೆಗಲ್ ದೇಶದ ನ್ಯಾಯಮೂರ್ತಿ ಕೇಬಾ ಎಂಬಾಯ್. 1972ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿರುವ ಮಾನವ ಹಕ್ಕುಗಳ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಅವರು ಒಂದು ಉಪನ್ಯಾಸ ಮಾಡಿದರು. ಅಭಿವೃದ್ಧಿ ಎಂಬುದು ಮಾನವನ ಹಕ್ಕು ಎಂಬುದೇ ಅದರ ವಿಷಯ. ಬಡತನವನ್ನು ಅದುವರೆಗೆ ದುರದೃಷ್ಟವೆಂದೋ ಹಿಂದುಳಿದಿರುವಿಕೆಯೆಂದೋ ಕರೆಯುತ್ತಿದ್ದರು. ಶ್ರೀಮಂತ ದೇಶಗಳು ಕೊಡುವ ನೆರವನ್ನು ಔದಾರ್ಯವೆಂದು ಕರೆಯುತ್ತಿದ್ದರು. ಹಕ್ಕು ಎಂದ ಕೂಡಲೇ ಮಾತಿನ ಸ್ವರೂಪ ಬದಲಾಗುತ್ತದೆ. ಭಿಕ್ಷೆಯನ್ನು ಕೊಟ್ಟರೆ ಕೊಡಬಹುದು, ಬಿಟ್ಟರೆ ಬಿಡಬಹುದು. ಹಕ್ಕಿಗೆ ಎದುರಾಗಿ ಯಾರದೋ ಒಂದು ಕರ್ತವ್ಯವಿರಲೇಬೇಕು. 1974ರ ಮೇ 1ರಂದು ವಿಶ್ವಸಂಸ್ಥೆಯ ವಿಶೇಷ ಅಧಿವೇಶನವು ನೂತನ ಅಂತರರಾಷ್ಟ್ರೀಯ ಅರ್ಥವ್ಯವಸ್ಥೆಯನ್ನು ಕುರಿತ ಘೋಷಣೆಯನ್ನು ಹೊರಡಿಸಿದ್ದೂ, 1981ರಲ್ಲಿ ಆಫ್ರಿಕಾದ ರಾಷ್ಟ್ರಗಳು ತಮ್ಮ ಮಾನವ ಹಕ್ಕುಗಳ ಸನ್ನದಿನ 22ನೆಯ ವಿಧಿಯಲ್ಲಿ ಅಭಿವೃದ್ಧಿಯ ಹಕ್ಕನ್ನು ಬರೆದುಕೊಂಡದ್ದೂ ಇದೇ ವಿಚಾರಧಾರೆಯ ಫಲಗಳು.

ಅಷ್ಟರಲ್ಲಿ ಇನ್ನೊಂದು ಸಂಕಟ ಬಂದಿತು. 1982ರ ಆಗಸ್ಟ್‌ನಲ್ಲಿ ಮೆಕ್ಸಿಕೋ ದೇಶವು ತನ್ನ ವಿದೇಶಿ ಸಾಲದ ಕಂತನ್ನು ಕಟ್ಟಲಾರೆನೆಂದು ಕೈಚೆಲ್ಲಿತು. ಲ್ಯಾಟಿನ್ ಅಮೆರಿಕ ಮತ್ತು ಆಫ್ರಿಕಾದ ಅನೇಕ ದೇಶಗಳು ಅದೇ ಹಾದಿ ಹಿಡಿದವು. ಹೊಸ ಸಾಲ ಬೇಕಿದ್ದರೆ ಸರ್ಕಾರದ ವೆಚ್ಚವನ್ನು ಕಡಿಮೆ ಮಾಡಬೇಕೆಂಬುದು ಅಂತರರಾಷ್ಟ್ರೀಯ ಹಣಕಾಸು ಸಂಸ್ಥೆಗಳ ಷರತ್ತಾಗಿತ್ತು. ವೆಚ್ಚ ಕಡಿಮೆಯೆಂದರೆ ಶಾಲೆ, ಆಸ್ಪತ್ರೆ, ಆಹಾರದ ಸಹಾಯಧನ. ಸಾಲವನ್ನು ಪಡೆದವನು ಎಂದೋ ಆಳಿಹೋದ ಸರ್ವಾಧಿಕಾರಿ. ತೀರಿಸಬೇಕಾದವಳು ಇಂದಿನ ಬಾಣಂತಿ. ಇಂಥ ಕಾಲದಲ್ಲಿ 1986ರ ಘೋಷಣೆ ಮತಕ್ಕೆ ಬಂದಿತು. 146 ರಾಷ್ಟ್ರಗಳು ಪರವಾಗಿ ಮತ ನೀಡಿದವು. ವಿರೋಧಿಸಿದ್ದು ಒಂದೇ ರಾಷ್ಟ್ರ, ಅಮೆರಿಕ ಸಂಯುಕ್ತ ಸಂಸ್ಥಾನ. ಬ್ರಿಟನ್, ಪಶ್ಚಿಮ ಜರ್ಮನಿ, ಜಪಾನ್, ಸ್ವೀಡನ್ ಮೊದಲಾದ 8 ರಾಷ್ಟ್ರಗಳು ತಟಸ್ಥವಾಗಿ ಉಳಿದವು. ಹಕ್ಕುಗಳು ವ್ಯಕ್ತಿಗಳಿಗೆ ಸೇರಿದವು, ಸರ್ಕಾರಗಳಿಗಲ್ಲ. ಅಭಿವೃದ್ಧಿಯನ್ನು ಹಕ್ಕೆಂದರೆ ಸರ್ಕಾರಗಳು ಅದರ ಮರೆಯಲ್ಲಿ ವ್ಯಕ್ತಿಯ ಹಕ್ಕುಗಳನ್ನು ತುಳಿಯಬಹುದು ಎಂಬುದು ವಿರೋಧದ ಒಂದು ವಾದವಾಗಿತ್ತು.

ನನ್ನ ಪೀಳಿಗೆಯ ಅಧ್ಯಾಪಕರಿಗೆ ಇಂಥ ವಿಷಯದಲ್ಲಿ ಯಾರ ಪರವೆಂಬುದು ಯೋಚಿಸಬೇಕಾದ ಸಂಗತಿಯೇ ಆಗಿರಲಿಲ್ಲ. ಈಗಲೂ ಬಡ ರಾಷ್ಟ್ರಗಳ ಅಹವಾಲು ನ್ಯಾಯವಾದದ್ದೆಂದೇ ನನ್ನ ನಂಬಿಕೆ. ಬಹಳ ಹಿಂದಿನ ಮಾತೇನೂ ಬೇಡ. 2020ರ ಅಕ್ಟೋಬರ್‌ನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾಗಳು, ಕೋವಿಡ್ ಪಿಡುಗು ಮುಗಿಯುವವರೆಗಾದರೂ ಲಸಿಕೆ ಮತ್ತು ಔಷಧಗಳ ಮೇಲಣ ಪೇಟೆಂಟ್ ನಿಯಮಗಳನ್ನು ಸಡಿಲಿಸಿರೆಂದು ವಿಶ್ವ ವ್ಯಾಪಾರ ಸಂಸ್ಥೆಯನ್ನು ಕೇಳಿಕೊಂಡವು. ಲಸಿಕೆಗಳಿಗೆ ಮಾತ್ರ ಸಂಬಂಧಿಸಿದ ಒಂದು ಅರೆಬರೆ ನಿರ್ಣಯ ಹೊರಬಂದದ್ದು 2022ರ ಜೂನ್‌ನಲ್ಲಿ. ಆ ಇಪ್ಪತ್ತು ತಿಂಗಳುಗಳಲ್ಲಿ ನಮ್ಮ ನಿಮ್ಮ ಮನೆಗಳಲ್ಲಿಯೇ ಎಷ್ಟು ಜನ ಹೋದರೆಂಬುದು ಈ ಪುಟದ ಓದುಗರಿಗೆ ತಿಳಿಯದ್ದಲ್ಲ. ಜಗತ್ತಿನ ವ್ಯವಸ್ಥೆ ಬದಲಾಗದೆ ಬಡವನ ಬದುಕುವ ಹಕ್ಕು ಪೂರ್ಣವಾಗದೆಂಬ ಮಾತು ಸುಳ್ಳಲ್ಲ.

ಆದರೆ ಅಂದು ಎತ್ತಿದ ಆಕ್ಷೇಪವನ್ನು ಎತ್ತಿದವರ ಮುಖ ನೋಡಿ ತಳ್ಳಿಹಾಕಿದ್ದು ನನ್ನ ತಪ್ಪು. ಹೊರಗೆ ನ್ಯಾಯ ಕೇಳುವವನು ಒಳಗೆ ಏನು ಮಾಡುತ್ತಿದ್ದಾನೆಂದು ನೋಡದೆ ಇತಿಹಾಸ ಪೂರ್ತಿಯಾಗದು. ವಿಶ್ವಸಂಸ್ಥೆಯ ಮೊದಲ ಮಾನವ ಹಕ್ಕುಗಳ ವಿಶ್ವ ಸಮ್ಮೇಳನ ನಡೆದದ್ದು 1968ರಲ್ಲಿ, ಇರಾನಿನ ರಾಜಧಾನಿ ಟೆಹರಾನಿನಲ್ಲಿ. ಆರ್ಥಿಕ ಹಕ್ಕುಗಳಿಲ್ಲದೆ ರಾಜಕೀಯ ಹಕ್ಕುಗಳು ಪೂರ್ಣವಾಗಲಾರವು ಎಂದು ಅಲ್ಲಿ ಸಾರಲಾಯಿತು. ಮಾತು ಸರಿಯೇ. ಅಧ್ಯಕ್ಷ ಪೀಠದಲ್ಲಿದ್ದವರು ಇರಾನಿನ ಶಹಾ ಅವರ ಸೋದರಿ. ಅದೇ ನಗರದ ಸೆರೆಮನೆಗಳಲ್ಲಿ ಶಹಾ ಅವರ ಗುಪ್ತ ಪೊಲೀಸರು ರಾಜಕೀಯ ಕೈದಿಗಳನ್ನು ಇಟ್ಟಿದ್ದರು.

ದೂರ ಹೋಗಬೇಕಾಗಿಯೂ ಇಲ್ಲ. 1975ರ ಜೂನ್ 25ರಂದು ನಮ್ಮಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ನಾನು ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಬಡವನಿಗೆ ಬೇಕಾದದ್ದು ಅನ್ನ, ಪತ್ರಿಕಾ ಸ್ವಾತಂತ್ರ್ಯವಲ್ಲ ಎಂಬ ವಾದ ನಮ್ಮ ಅಧ್ಯಾಪಕರ ಕೊಠಡಿಯಲ್ಲಿಯೂ ಕೇಳಿಬರುತ್ತಿತ್ತು. ರೈಲುಗಳು ಸಮಯಕ್ಕೆ ಸರಿಯಾಗಿ ಓಡುತ್ತಿವೆಯೆಂದು ಕೆಲವರು ಸಂತೋಷಪಟ್ಟರು, ನಾನು ಸುಮ್ಮನಿದ್ದೆ. 1976ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೈಕಿ ನಾಲ್ವರು, ಬಂಧಿತನು ಈ ಅವಧಿಯಲ್ಲಿ ನ್ಯಾಯಾಲಯಕ್ಕೆ ಮೊರೆಯಿಡುವಂತಿಲ್ಲವೆಂದು ತೀರ್ಪಿತ್ತರು. ಭಿನ್ನ ತೀರ್ಪು ಬರೆದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ. ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಉತ್ತರ ಭಾರತದಲ್ಲಿ ಹೆಚ್ಚಾಗಿ ಗುರಿಯಾದವರು ಬಡವರೇ. ಸುದ್ದಿ ಹೊರಬರದಿದ್ದುದರಿಂದ ದೂರು ಎಲ್ಲಿಗೂ ಮುಟ್ಟಲಿಲ್ಲ. 1977ರ ಮಾರ್ಚ್‌ನಲ್ಲಿ ಚುನಾವಣೆ ಬಂದಾಗ ಆ ಅನಕ್ಷರಸ್ಥ ಬಡವರೇ, ಅನ್ನವಿದ್ದರೆ ಸಾಕೆಂದು ನಾವು ಯಾರ ಪರವಾಗಿ ಹೇಳುತ್ತಿದ್ದೆವೋ ಅವರೇ, ಮತಪೆಟ್ಟಿಗೆಯಲ್ಲಿ ಉತ್ತರ ಕೊಟ್ಟರು.

ಸ್ವಾತಂತ್ರ್ಯವಿಲ್ಲದಿದ್ದರೆ ಅನ್ನವೂ ಉಳಿಯದೆಂಬುದನ್ನು ಶಾಸ್ತ್ರೀಯವಾಗಿ ವಿವರಿಸಿದವರು ಅಮರ್ತ್ಯ ಸೇನ್. 1943ರ ಬಂಗಾಳದ ಕ್ಷಾಮವನ್ನು ಅವರು ಬಾಲಕನಾಗಿ ಕಣ್ಣಾರೆ ಕಂಡವರು. 1981ರ ತಮ್ಮ ಗ್ರಂಥದಲ್ಲಿ, ಆ ಕ್ಷಾಮಕ್ಕೆ ಮುಖ್ಯ ಕಾರಣ ಧಾನ್ಯದ ಅಭಾವವಲ್ಲ, ಏರಿದ ಬೆಲೆಯೆದುರು ಕೂಲಿಕಾರರಿಗೂ ಮೀನುಗಾರರಿಗೂ ಧಾನ್ಯವನ್ನು ಕೊಳ್ಳುವ ಶಕ್ತಿಯಿಲ್ಲದೆ ಹೋದದ್ದು ಎಂದು ತೋರಿಸಿದರು. ಪತ್ರಿಕೆಗಳೂ ವಿರೋಧ ಪಕ್ಷಗಳೂ ಚುನಾವಣೆಗಳೂ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಸಂಭವಿಸಿಲ್ಲವೆಂಬುದು ಅವರ ಇನ್ನೊಂದು ಪ್ರಸಿದ್ಧ ಮಾತು. 1958ರಿಂದ 1961ರವರೆಗೆ ಚೀನಾದಲ್ಲಿ ಕೋಟ್ಯಂತರ ಜನ ಹಸಿವಿನಿಂದ ಸತ್ತಾಗ ಅದನ್ನು ಬರೆಯುವ ಪತ್ರಿಕೆ ಅಲ್ಲಿರಲಿಲ್ಲ. ಅನ್ನ ಮೊದಲೋ ಮಾತು ಮೊದಲೋ ಎಂಬ ಪ್ರಶ್ನೆಯೇ ತಪ್ಪು. ಹಸಿದವನಿಗೆ ಬಾಯಿ ಎರಡಕ್ಕೂ ಬೇಕು.

1993ರ ಜೂನ್‌ನಲ್ಲಿ 171 ರಾಷ್ಟ್ರಗಳು ವಿಯೆನ್ನಾದಲ್ಲಿ ಸೇರಿ ಈ ಎರಡು ವಾದಗಳನ್ನೂ ಒಂದೇ ಕಾಗದದ ಮೇಲೆ ತಂದವು. ಅಭಿವೃದ್ಧಿಯ ಹಕ್ಕು ಸಾರ್ವತ್ರಿಕವಾದದ್ದೆಂದು ಅಮೆರಿಕವನ್ನೂ ಒಳಗೊಂಡಂತೆ ಎಲ್ಲರೂ ಒಪ್ಪಿದರು. ಅದರ ಜೊತೆಗೇ, ಅಭಿವೃದ್ಧಿ ಆಗಿಲ್ಲವೆಂಬ ನೆಪ ಹೂಡಿ ಮಾನವ ಹಕ್ಕುಗಳನ್ನು ಮೊಟಕುಗೊಳಿಸುವಂತಿಲ್ಲವೆಂದೂ ಬರೆದರು.

ಈಗ 1986ರ ಘೋಷಣೆಗೆ ಮರಳೋಣ. ಅದರ ಪಠ್ಯವನ್ನು ಮೊದಲ ಬಾರಿಗೆ ಓದಿದಾಗ ನನಗೆ ಆಶ್ಚರ್ಯ ಕಾದಿತ್ತು. ಅದು ಬಡ ದೇಶಗಳು ಶ್ರೀಮಂತ ದೇಶಗಳ ಮುಂದಿಟ್ಟ ಬೇಡಿಕೆಪಟ್ಟಿಯೆಂದು ನಾನು ತಿಳಿದಿದ್ದೆ. ಎರಡನೆಯ ವಿಧಿಯ ಮೊದಲ ವಾಕ್ಯದ ತಾತ್ಪರ್ಯವೇ ಬೇರೆ. ಅಭಿವೃದ್ಧಿಯ ಕೇಂದ್ರದಲ್ಲಿ ಇರಬೇಕಾದವನು ಮನುಷ್ಯ. ಅವನು ಅದರಲ್ಲಿ ಭಾಗವಹಿಸುವವನೂ ಅದರ ಫಲವನ್ನು ಪಡೆಯುವವನೂ ಆಗಿರಬೇಕು. ಅದೇ ವಿಧಿ ಮುಂದುವರಿದು, ಸರ್ಕಾರಗಳ ಯೋಜನೆಗಳು ಎಲ್ಲ ಜನರ ಸಕ್ರಿಯವಾದ, ನಿರ್ಬಂಧವಿಲ್ಲದ ಹಾಗೂ ಅರ್ಥಪೂರ್ಣವಾದ ಭಾಗವಹಿಸುವಿಕೆಯ ಮೇಲೆ ನಿಲ್ಲಬೇಕು, ಫಲದ ಹಂಚಿಕೆ ನ್ಯಾಯವಾಗಿರಬೇಕು ಎನ್ನುತ್ತದೆ. ಅಂದರೆ ಈ ಹಕ್ಕಿಗೆ ಎರಡು ಮುಖಗಳು. ಜಗತ್ತಿನ ಬಾಗಿಲಲ್ಲಿ ಸಾಲಗಾರನಿಂದ ಬಾಕಿ ಕೇಳಲು ನಿಂತಿರುವ ಸರ್ಕಾರವು ತನ್ನ ಮನೆಯೊಳಗೆ ತಾನೇ ಸಾಲಗಾರ. ಹೊರಗಿನ ಬಾಕಿ ಬರಲಿಲ್ಲವೆಂಬುದು ಒಳಗಿನ ಬಾಕಿಯನ್ನು ಕೊಡದಿರಲು ಕಾರಣವಾಗದು.

ಇದು ಬರೀ ತರ್ಕವಲ್ಲವೆಂದು ತೋರಿಸಿಕೊಟ್ಟವರು ಕೀನ್ಯಾದ ದನಗಾಹಿಗಳು. ರಿಫ್ಟ್ ಕಣಿವೆಯ ಬೊಗೋರಿಯಾ ಸರೋವರದ ಸುತ್ತ ಎಂಡೊರೊಯಿಸ್ ಎಂಬ ಸಮುದಾಯ ತಲೆತಲಾಂತರದಿಂದ ದನ, ಆಡು, ಕುರಿಗಳನ್ನು ಮೇಯಿಸಿಕೊಂಡು ಬಾಳಿತ್ತು. ಸರೋವರದ ದಡದ ಉಪ್ಪುನೆಲ ಅವರ ದನಗಳಿಗೆ ಬೇಕು. ಸರೋವರವೇ ಅವರ ಪೂಜಾಸ್ಥಾನ. 1970ರ ದಶಕದಲ್ಲಿ ಅಲ್ಲಿ ವನ್ಯಪ್ರಾಣಿ ರಕ್ಷಿತ ಪ್ರದೇಶವನ್ನು ಮಾಡಿ ಅವರನ್ನು ಎಬ್ಬಿಸಲಾಯಿತು. ಫ್ಲೆಮಿಂಗೋ ಹಕ್ಕಿಗಳನ್ನೂ ಬಿಸಿನೀರಿನ ಬುಗ್ಗೆಗಳನ್ನೂ ನೋಡಲು ಪ್ರವಾಸಿಗರು ಬರತೊಡಗಿದರು. ಅದೂ ದೇಶದ ಅಭಿವೃದ್ಧಿಯೇ. ತಮ್ಮ ದೇಶದ ನ್ಯಾಯಾಲಯದಲ್ಲಿ ಫಲ ಕಾಣದೆ ಆ ಜನ 2003ರಲ್ಲಿ ಆಫ್ರಿಕಾದ ಮಾನವ ಹಕ್ಕುಗಳ ಆಯೋಗದ ಮುಂದೆ ದೂರು ಒಯ್ದರು. ಅವರು ಆಧಾರವಾಗಿ ಹಿಡಿದ ವಿಧಿಗಳಲ್ಲಿ 22ನೆಯದೂ ಒಂದು. ಆಫ್ರಿಕಾದ ಸರ್ಕಾರಗಳು ತಮ್ಮ ಸನ್ನದಿನಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದ ಅದೇ ಅಭಿವೃದ್ಧಿಯ ಹಕ್ಕು!

2010ರ ಫೆಬ್ರವರಿಯಲ್ಲಿ ಪ್ರಕಟವಾದ ನಿರ್ಣಯ ಆ ಜನರ ಪರವಾಗಿತ್ತು. ಅಭಿವೃದ್ಧಿಯ ಹಕ್ಕು ಉಲ್ಲಂಘನೆಯಾಗಿದೆಯೆಂದು ಒಂದು ಸರ್ಕಾರದ ವಿರುದ್ಧ ಅಂತರರಾಷ್ಟ್ರೀಯ ಸಂಸ್ಥೆಯೊಂದು ಹೇಳಿತು. ಜನರಿಗೆ ಆಯ್ಕೆಯೇ ಇಲ್ಲದೆ ಹೋದರೆ ಅದು ಅಭಿವೃದ್ಧಿಯಲ್ಲ, ಫಲವೆಷ್ಟು ಮುಖ್ಯವೋ ಅದನ್ನು ತರುವ ವಿಧಾನವೂ ಅಷ್ಟೇ ಮುಖ್ಯ ಎಂಬುದು ಆ ನಿರ್ಣಯದ ತಿರುಳು. ನೆಲವನ್ನು ಹಿಂತಿರುಗಿಸಬೇಕು, ಸರೋವರಕ್ಕೆ ಹೋಗಲು ಬಿಡಬೇಕು, ಆದಾಯದಲ್ಲಿ ಪಾಲು ಕೊಡಬೇಕು ಎಂದು ಆಯೋಗ ಹೇಳಿತು. ಹೇಳಿದ್ದೆಲ್ಲ ಬೇಗ ಜಾರಿಯಾಗಲಿಲ್ಲ. ಮರುವರ್ಷವೇ, 2011ರಲ್ಲಿ, ಅವರನ್ನು ಸರಿಯಾಗಿ ಕೇಳದೆಯೇ ಸರೋವರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೂ ಒಂದು ಸಂಗತಿ ಸ್ಥಿರವಾಯಿತು. ಸರ್ಕಾರ ಜಗತ್ತಿನ ಮುಂದೆ ಹಿಡಿದ ಹಕ್ಕುಪತ್ರವನ್ನು ಪ್ರಜೆಯು ಸರ್ಕಾರದ ಮುಂದೆ ಹಿಡಿಯಬಹುದು.

ನಮ್ಮಲ್ಲಿಯೂ ಅಂಥದು ನಡೆದಿದೆ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿಗಾರಿಕೆಯಾಗಬೇಕೋ ಬೇಡವೋ ಎಂಬುದರ ಬಗ್ಗೆ, 2006ರ ಅರಣ್ಯ ಹಕ್ಕುಗಳ ಕಾಯಿದೆಯ ಆಧಾರದಲ್ಲಿ ಅಲ್ಲಿಯ ಗ್ರಾಮಸಭೆಗಳನ್ನು ಕೇಳಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರ ಏಪ್ರಿಲ್‌ನಲ್ಲಿ ಆದೇಶಿಸಿತು. ಸಭೆ ಸೇರಿದ 12 ಊರುಗಳಲ್ಲಿ ಹನ್ನೆರಡೂ ಬೇಡವೆಂದವು. ಡೋಂಗ್ರಿಯಾ ಕೊಂಧ ಸಮುದಾಯದವರು ತಮ್ಮ ಬೆಟ್ಟವನ್ನೇ ದೇವರೆಂದು ಪೂಜಿಸುವವರು. ಬ್ರಿಟಿಷರು 1894ರಲ್ಲಿ ಮಾಡಿದ ಭೂಸ್ವಾಧೀನ ಕಾಯಿದೆ ನೂರಾ ಹತ್ತೊಂಬತ್ತು ವರ್ಷ ಬಾಳಿ ಕೊನೆಗೆ ಅದೇ 2013ರಲ್ಲಿ ಹೊಸ ಕಾಯಿದೆಗೆ ಸ್ಥಾನ ಬಿಟ್ಟುಕೊಟ್ಟಿತು. ಪುನರ್ವಸತಿ ಎಂಬ ಪದ ಆ ಕಾಯಿದೆಯ ಹೆಸರಿನಲ್ಲಿಯೇ ಬಂದಿತು. ಖಾಸಗಿ ಯೋಜನೆಗಳಿಗೆ ನೂರಕ್ಕೆ ಎಂಬತ್ತರಷ್ಟು ಕುಟುಂಬಗಳ ಒಪ್ಪಿಗೆ ಬೇಕೆಂದು ಅದು ಹೇಳಿತು. ಸರ್ಕಾರವೇ ತನಗಾಗಿ ಮಾಡುವ ಯೋಜನೆಗಳಿಗೆ ಆ ಒಪ್ಪಿಗೆ ಬೇಡ. ಲಿಂಗನಮಕ್ಕಿಯಂಥ ಅಣೆಕಟ್ಟನ್ನು ಇಂದು ಕಟ್ಟಿದರೂ ಮುಳುಗುವ ಊರಿನವರ ಒಪ್ಪಿಗೆಯನ್ನು ಪಡೆಯಲೇಬೇಕೆಂದು ಕಾನೂನು ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು.

ಹೀಗೆ ಸುತ್ತಿ ಬಂದು ನಮ್ಮ ಹಿನ್ನೀರಿನ ದಡ ಸೇರಿದೆವು. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಸಾಗರ, ಹೊಸನಗರ ಸೀಮೆಯ ಊರುಗಳು, ಗದ್ದೆ ತೋಟಗಳು, ಗುಡಿಗಳು ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದು ಇಂದಿಗೂ ತಲೆಯೆತ್ತುತ್ತದೆ. ಶರಾವತಿಯ ಆ ವಿದ್ಯುದಾಗಾರ 1035 ಮೆಗಾವಾಟ್ ಸಾಮರ್ಥ್ಯದ್ದು. ದಶಕಗಳ ಕಾಲ ಕರ್ನಾಟಕದ ದೀಪಗಳಿಗೂ ಕಾರ್ಖಾನೆಗಳಿಗೂ ಅದು ದೊಡ್ಡ ಆಸರೆಯಾಯಿತು. ನಾನು ರಾತ್ರಿ ಕುಳಿತು ಉತ್ತರ ಪತ್ರಿಕೆ ತಿದ್ದಿದ್ದು ಅದೇ ಬೆಳಕಿನಲ್ಲಿ. ಅಣೆಕಟ್ಟು ಬೇಡವಾಗಿತ್ತೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಅದು ಉಂಡ ಮನೆಗೆ ಎರಡು ಬಗೆದಂತೆ. ನೆಹರೂ ಅವರೇ 1958ರಲ್ಲಿ, ದೊಡ್ಡದನ್ನೇ ಕಟ್ಟಬೇಕೆಂಬ ಗೀಳು ಒಂದು ರೋಗವೆಂದು ಎಂಜಿನಿಯರುಗಳ ಸಭೆಯಲ್ಲಿ ಎಚ್ಚರಿಸಿದ್ದರು. ನನ್ನ ಪಾಠದಲ್ಲಿ 1954ರ ಮಾತು ಇತ್ತು, 1958ರದು ಇರಲಿಲ್ಲ.

ನಾನು ಹೇಳಬೇಕಾಗಿದ್ದುದು ಇಷ್ಟು. ತ್ಯಾಗವೆಂಬುದು ಕೊಡುವವನು ಬಳಸಬೇಕಾದ ಶಬ್ದ, ತೆಗೆದುಕೊಂಡವನು ಬಳಸುವುದಲ್ಲ. ಆ ಹುಡುಗನ ಅಜ್ಜನನ್ನು ಯಾರೂ ಕೇಳಿರಲಿಲ್ಲ. ನೀರು ಬರುತ್ತದೆ ಎಂದು ತಿಳಿಸಿದ್ದರು, ಅಷ್ಟೇ. ಕೇಳದೆ ಪಡೆದದ್ದಕ್ಕೆ ಬೆಲೆ ಕೊಡಬೇಕು. ಬೆಲೆಯೆಂದರೆ ಪರಿಹಾರದ ಹಣ ಮಾತ್ರವಲ್ಲ. ಯೋಜನೆಯಿಂದ ಬಂದ ಬೆಳಕಿನಲ್ಲಿ ಮೊದಲ ಪಾಲು, ಒಕ್ಕಲೆದ್ದು ಹೋಗಿ ನೆಲೆಸಿದ ನೆಲಕ್ಕೆ ಗಟ್ಟಿಯಾದ ಹಕ್ಕುಪತ್ರ, ನಡುಗಡ್ಡೆಯಾದ ಊರಿಗೆ ಒಂದು ದಾರಿ, ಇವೆಲ್ಲ ಅದರಲ್ಲಿ ಸೇರಬೇಕು. ದಾರಿ ಬರಲು 61 ವರ್ಷ ಹಿಡಿಯಿತು. ಶರಾವತಿಯ ಸಂತ್ರಸ್ತರಲ್ಲಿ ಅನೇಕರ ಹಕ್ಕುಪತ್ರದ ತಗಾದೆ ಆರು ದಶಕಗಳ ನಂತರವೂ ಉಳಿದಿತ್ತು. ತುಂಬು ಬಸುರಿಯನ್ನು ಕರೆದುಕೊಂಡು ಕಡೆಯ ಲಾಂಚ್ ಹೋದ ಮೇಲೆ ದಡಕ್ಕೆ ಬಂದವರ ಪಾಡನ್ನು ನಾನು ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಕೇಳಿಯೂ ಅದನ್ನು ಪಾಠದ ವಿಷಯವೆಂದು ತಿಳಿಯಲಿಲ್ಲ. ಮಾನವ ಹಕ್ಕುಗಳೆಂದರೆ ಡಿಸೆಂಬರ್ 10ರ ಭಾಷಣದಲ್ಲಿ ಬರುವ ದೂರದ ಊರಿನ ಸಂಗತಿಯೆಂದೇ ಭಾವಿಸಿದ್ದೆ.

ಬಡ ದೇಶದ ಪ್ರಜೆಯಾಗಿ ನಾನು ಜಗತ್ತನ್ನು ಕೇಳುವ ಪ್ರಶ್ನೆಯೂ, ಮುಳುಗಡೆಯ ಊರಿನ ಹುಡುಗ ನನ್ನನ್ನು ಕೇಳಿದ ಪ್ರಶ್ನೆಯೂ ಒಂದೇ. ಮೊದಲನೆಯದಕ್ಕೆ ನ್ಯಾಯ ಬೇಕೆನ್ನುವವನು ಎರಡನೆಯದನ್ನು "ಹೆಮ್ಮೆಪಡು" ಎಂದು ಕೂರಿಸುವಂತಿಲ್ಲ.

ಅಂದು ದೂರವಾಣಿಯಲ್ಲಿ ಇದನ್ನು ಅವನಿಗೆ ಹೇಳಿಯೇಬಿಟ್ಟೆ. "ನೀನು ಹತ್ತನೇ ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ನಾನು ಕೊಟ್ಟ ಉತ್ತರ ತಪ್ಪಾಗಿತ್ತಪ್ಪ" ಎಂದೆ. ಅವನು ಮರೆತಿರುತ್ತಾನೆಂದುಕೊಂಡಿದ್ದೆ. ಅವನು ನಕ್ಕುಬಿಟ್ಟ. "ಬಿಡಿ ಸಾರ್, ಪರೀಕ್ಷೆಲಿ ಅದನ್ನೇ ಬರೆದು ಮಾರ್ಕ್ಸ್ ತಗೊಂಡೆ" ಎಂದ. ಹಿನ್ನೀರಿನ ಮೇಲಣ ಗಾಳಿಯ ಸದ್ದಿನಲ್ಲಿ ಮುಂದಿನ ಮಾತು ಕೇಳಿಸಲಿಲ್ಲ.

ಆ ತರಗತಿಯಲ್ಲಿ ಅಂದು ಕುಳಿತಿದ್ದ ಉಳಿದವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಹಿರಿಯರು ಒಕ್ಕಲೆದ್ದು ಬಂದ ಬಗೆಯನ್ನು ನಾಲ್ಕು ಸಾಲು ಬರೆದು ಕಳುಹಿಸಿರಿ. ಈ ಸಲ ನಾನು ಓದುವವನು, ಅಂಕ ಹಾಕುವವನಲ್ಲ.